ಲೆಮನ್ ಸೆಟ್ಟೂ ನಿಂಬೆಹಣ್ಣೂ

ಸ್ಟೀಲ್ ಲೋಟದಷ್ಟು ಗುಟ್ಟು ಕಾಯುವ ಪಾತ್ರೆ ಇನ್ನೊಂದಿಲ್ಲ. ತಳದಲ್ಲಿ ನಿನ್ನೆಯ ಕಾಫಿಯ ಕರೆ ಇರಲಿ, ಅಂಚಿನ ಮಡಿಕೆಯೊಳಗೆ ರಾಮನವಮಿಯ ಪಾನಕದ ಅಂಟು ದೀಪಾವಳಿಯವರೆಗೂ ಕೂತಿರಲಿ, ಹೊರಗಿನಿಂದ ನೋಡಿದವರಿಗೆ ಕಾಣುವುದು ಅವರದೇ ಮುಖ, ಅದೂ ಸ್ವಲ್ಪ ಉದ್ದಕ್ಕೆ ಎಳೆದದ್ದು. ಬಂದವರು ತಮ್ಮ ಮುಖ ನೋಡಿಕೊಳ್ಳುತ್ತಲೇ ನೀರು ಕುಡಿದು ಲೋಟ ಕೆಳಗಿಡುತ್ತಾರೆ. ಮನೆಯ ಮಾನ ಉಳಿಯುತ್ತದೆ. ಗಾಜಿನ ಗ್ಲಾಸಿಗೆ ಈ ದಾಕ್ಷಿಣ್ಯ ಎಂಬುದೇ ಇಲ್ಲ. ಬಂದವರು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರಂತೂ ಮುಗಿದೇ ಹೋಯಿತು. ನೀರಿನ ಗ್ಲಾಸನ್ನು ಬಾಯಿಗೆ ಎತ್ತುವಾಗ ಬೆಳಕು ಅದರೊಳಗಿಂದ ಹಾದು ಬಂದು ಎಲ್ಲವನ್ನೂ ಹೇಳಿಬಿಡುತ್ತದೆ: ಮೈಯೆಲ್ಲ ತೆಳ್ಳಗೆ ಹರಡಿದ ಬಿಳಿ ಪೊರೆ, ಅಲ್ಲಲ್ಲಿ ಒಣಗಿದ ಹನಿಗಳ ಉಂಗುರ, ತಳದಿಂದ ಒಂದು ಬೆರಳು ಮೇಲೆ ಸುತ್ತಲೂ ಎಳೆದ ಗೆರೆ. ಬಂದವರು ಏನೂ ಅನ್ನುವುದಿಲ್ಲ. "ಈಗ ತಾನೇ ಕುಡಿದು ಬಂದೆ" ಎಂದು ಅರ್ಧ ಗುಟುಕಿಗೇ ಕೆಳಗಿಡುತ್ತಾರೆ. ಅದಕ್ಕಿಂತ ಬೈದಿದ್ದರೇ ವಾಸಿ.

ನಮ್ಮ ಮಧ್ಯಮ ವರ್ಗದ ಮನೆಗಳಿಗೆ ಗಾಜಿನ ಗ್ಲಾಸು ಬಂದದ್ದು ಬಹುಮಟ್ಟಿಗೆ ಮದುವೆಯ ಉಡುಗೊರೆಯ ರೂಪದಲ್ಲಿ. ಅಂಗಡಿಗೆ ಹೋಗಿ, ದುಡ್ಡು ಕೊಟ್ಟು, ಒಡೆಯುವ ವಸ್ತುವನ್ನು ಮನೆಗೆ ತರುವಷ್ಟು ಧೈರ್ಯಸ್ಥರು ನಮ್ಮ ಕಡೆ ಕಡಿಮೆ. ಆದರೆ ಇನ್ನೊಬ್ಬರಿಗೆ ಕೊಡುವುದಕ್ಕೆ ಧೈರ್ಯ ಬೇಕಿಲ್ಲವಲ್ಲ. ಹಾಗಾಗಿ ಎಪ್ಪತ್ತು, ಎಂಬತ್ತರ ದಶಕದ ಮದುವೆಗಳಲ್ಲಿ ಗೋಡೆ ಗಡಿಯಾರ, ಹಾಟ್‌ಬಾಕ್ಸುಗಳ ಜೊತೆಗೆ ತಪ್ಪದೆ ಬರುತ್ತಿದ್ದದ್ದು ಲೆಮನ್ ಸೆಟ್. ಒಂದು ಜಗ್ಗು, ಆರು ಗ್ಲಾಸು, ಮೈಮೇಲೆ ಹಳದಿ ಹೂವೋ ಕಿತ್ತಳೆ ಹೋಳೋ, ಬಾಯಿಯ ಸುತ್ತ ಚಿನ್ನದ ಬಣ್ಣದ ಗೆರೆ. ಎಷ್ಟೋ ಸೆಟ್ಟುಗಳು ಪೆಟ್ಟಿಗೆ ಒಡೆಯದೆಯೇ ಒಂದು ಮದುವೆಯಿಂದ ಇನ್ನೊಂದು ಮದುವೆಗೆ, ಅಲ್ಲಿಂದ ಗೃಹಪ್ರವೇಶಕ್ಕೆ ತಿರುಗಿ, ಕೊನೆಗೆ ಕೊಟ್ಟವರ ಮನೆಗೇ ಮರಳಿದ ಕಥೆಗಳಿವೆ. ದಾರಿ ತಪ್ಪಿ ನಿಜವಾಗಿಯೂ ತೆರೆಯಲ್ಪಟ್ಟ ಸೆಟ್ಟು ಹಾಲಿನ ಷೋಕೇಸು ಸೇರುತ್ತಿತ್ತು. ಅಲ್ಲಿ ಚನ್ನಪಟ್ಟಣದ ಗೊಂಬೆಗೂ ಪ್ಲಾಸ್ಟರಿನ ತಾಜಮಹಲಿಗೂ ನಡುವೆ ಬೋರಲು ಮಲಗಿ ತನ್ನ ಆಯುಷ್ಯ ಕಳೆಯುತ್ತಿತ್ತು. ಅದರಲ್ಲಿ ಯಾರೂ ಲೆಮನ್ ಕುಡಿದದ್ದನ್ನು ನಾನು ಕಂಡಿಲ್ಲ.

ಆಗಿನ ಗ್ಲಾಸುಗಳನ್ನು ತಲೆಕೆಳಗು ಮಾಡಿದರೆ ತಳದಲ್ಲಿ 'ಯೇರಾ' ಎಂಬ ಉಬ್ಬಕ್ಷರ ಇರುತ್ತಿತ್ತು. ವಡೋದರಾದ ಅಲೆಂಬಿಕ್ ಗಾಜಿನ ಕಂಪನಿ ತನ್ನ ಗ್ಲಾಸುಗಳಿಗೆ ಇಟ್ಟಿದ್ದ ಹೆಸರದು. ಅದೇ ಕಂಪನಿಯ ಒಂದು ಕಾರ್ಖಾನೆ ನಮ್ಮ ಬೆಂಗಳೂರಿನ ವೈಟ್‌ಫೀಲ್ಡಿನಲ್ಲೂ ಇತ್ತು. ಕುಲುಮೆ ಆರಿ, ಆ ಜಾಗದಲ್ಲಿ ಈಗ ಅಪಾರ್ಟ್‌ಮೆಂಟುಗಳು ಎದ್ದಿವೆ. ಆ ಮನೆಗಳ ಸಿಂಕುಗಳ ಮುಂದೆಯೂ ಬೆಳಿಗ್ಗೆ ಯಾರೋ ಗ್ಲಾಸನ್ನು ಬೆಳಕಿಗೆ ಹಿಡಿದು ಹುಬ್ಬು ಗಂಟಿಕ್ಕುತ್ತಿರುತ್ತಾರೆ ಎನ್ನುವುದರಲ್ಲಿ ನನಗೆ ಸಂಶಯವಿಲ್ಲ. ಯಾಕೆಂದರೆ ಆ ಕಡೆಯ ನೀರಿನ ಖ್ಯಾತಿ ಹಾಗಿದೆ.

ನೀರಿನ ವಿಷಯಕ್ಕೆ ಬರಲೇಬೇಕು. ಗ್ಲಾಸಿನ ಮೇಲಿನ ಆರೋಪಪಟ್ಟಿಯಲ್ಲಿ ಮೊದಲ ಹೆಸರು ಅದರದೇ. ಬೆಂಗಳೂರಿನ ಮನೆಗಳಲ್ಲಿ ವಾರದ ದಿನಗಳನ್ನು ಎಣಿಸುವ ರೀತಿಯೇ ಬೇರೆ: ಕಾವೇರಿ ಬರುವ ದಿನ, ಬೋರ್ ಬಿಡುವ ದಿನ, ಟ್ಯಾಂಕರಿಗೆ ಫೋನ್ ಮಾಡುವ ದಿನ. ಕಾವೇರಿ ಈ ಊರಿಗೆ ಹತ್ತಿದ್ದು 1974ರಲ್ಲಿ. ಸುಮಾರು ನೂರು ಕಿಲೋಮೀಟರ್ ದೂರದಿಂದ, ಸುಮಾರು ಐನೂರು ಮೀಟರ್ ಎತ್ತರಕ್ಕೆ ಪಂಪುಗಳು ಅದನ್ನು ಎತ್ತಿ ತರುತ್ತವೆ. ಅಷ್ಟು ಕಷ್ಟಪಟ್ಟು ಬರುವ ನೀರು ನಮ್ಮ ಬೀದಿಗೆ ಬರುವಾಗ ಮುನಿಸಿಕೊಂಡರೆ ತಪ್ಪೇನು? ಅದು ಬಾರದ ದಿನ ಸಾವಿರ ಅಡಿಯ ಬೋರಿನಿಂದ ಪಾತಾಳದ ನೀರು ಬರುತ್ತದೆ. ಲಾಲ್‌ಬಾಗಿನ ಬಂಡೆಯ ಬಳಿ ಭೂವಿಜ್ಞಾನ ಇಲಾಖೆಯ ಕಲ್ಲುಹಲಗೆ ಇದೆಯಲ್ಲ, ಆ ಶಿಲೆಗೆ ಮುನ್ನೂರು ಕೋಟಿ ವರ್ಷ ಎಂದು ಹೇಳುವುದು, ಊರಿನ ಅಡಿಗೆ ಹಾಸಿರುವುದು ಬಹುಮಟ್ಟಿಗೆ ಅದೇ ಜಾತಿಯ ಕಲ್ಲು. ಅದರ ಬಿರುಕುಗಳಲ್ಲಿ ಇಳಿದು, ತಂಗಿ, ಅದರ ಕ್ಯಾಲ್ಸಿಯಂ ಮೆಗ್ನೀಷಿಯಂಗಳನ್ನು ಸಾವಕಾಶವಾಗಿ ನೆಕ್ಕಿಕೊಂಡು ಬಂದ ನೀರನ್ನು ನಾವು ಗಡಸು ನೀರು ಎನ್ನುತ್ತೇವೆ. ಗ್ಲಾಸು ತೊಳೆದು ಇಟ್ಟರೆ ನೀರು ಆವಿಯಾಗಿ ಹೋಗುತ್ತದೆ. ಮುನ್ನೂರು ಕೋಟಿ ವರ್ಷದ ಕಲ್ಲಿನ ಪಾಲು ಎಲ್ಲಿಗೂ ಹೋಗುವುದಿಲ್ಲ, ಗಾಜಿನ ಮೇಲೇ ಉಳಿಯುತ್ತದೆ.

ಕುಡಿಯುವ ನೀರಿಗೆ ನಮ್ಮ ದೇಶದ ಮಾನಕ ಸಂಸ್ಥೆ ಹಾಕಿರುವ ಲೆಕ್ಕ ಹೀಗಿದೆ: ಲೀಟರಿಗೆ 200 ಮಿಲಿಗ್ರಾಂ ಗಡಸುತನದವರೆಗೆ ಚಿಂತೆಯಿಲ್ಲ, ಬೇರೆ ಗತಿ ಇಲ್ಲದಿದ್ದರೆ 600ರವರೆಗೂ ಒಪ್ಪಬಹುದು. ಆ 600ರ ನೀರು ಹತ್ತು ಲೀಟರಿನ ಒಂದು ಕೊಡ ಪೂರ್ತಿ ಒಣಗಿದರೆ ಆರು ಗ್ರಾಂ ಸುಣ್ಣದಂಥ ಪುಡಿ, ಅಂದರೆ ಚಹಾ ಚಮಚದಷ್ಟು, ಉಳಿದೀತು. ಮೊಟ್ಟೆಯ ಸಿಪ್ಪೆ, ಕಪ್ಪೆಚಿಪ್ಪು, ಶಹಾಬಾದಿನ ಫರಸಿಕಲ್ಲು ಯಾವುದರಿಂದ ಆಗಿವೆಯೋ ಮುಖ್ಯವಾಗಿ ಅದೇ ವಸ್ತು. ಇದು ಕುಡಿದವರಿಗೆ ಮಾಡುವುದಕ್ಕಿಂತ ಹೆಚ್ಚಿನ ಅನ್ಯಾಯವನ್ನು ಗೀಸರಿಗೂ ಷವರಿನ ತೂತುಗಳಿಗೂ ಗ್ಲಾಸಿಗೂ ಮಾಡುತ್ತದೆ.

ಹನಿ ಒಣಗಿದರೆ ನಡುವೆ ಕಲೆ ಉಳಿಯದೆ ಅಂಚಿಗೇ ಯಾಕೆ ಉಂಗುರ ಕಟ್ಟುತ್ತದೆ ಎಂದು ನೀವು ಕೇಳಿರಲಿಕ್ಕಿಲ್ಲ. ಚಿಕಾಗೋ ವಿಶ್ವವಿದ್ಯಾಲಯದ ಕೆಲವರು ಕೇಳಿದರು. 1997ರಲ್ಲಿ ಅವರ ಉತ್ತರ 'ನೇಚರ್' ಪತ್ರಿಕೆಯಲ್ಲೇ ಅಚ್ಚಾಯಿತು. ಹನಿಯ ಅಂಚು ಮೊದಲು ಆರುತ್ತದೆ; ಆರಿದ ಜಾಗ ತುಂಬಲು ನಡುವಿನ ನೀರು ಹೊರಕ್ಕೆ ಹರಿಯುತ್ತದೆ; ಹರಿಯುವಾಗ ತನ್ನೊಳಗಿನ ಕಣಗಳನ್ನೂ ಹೊತ್ತೊಯ್ದು ಅಂಚಿನಲ್ಲಿ ಇಳಿಸುತ್ತದೆ. ಮೇಜಿನ ಮೇಲೆ ಚೆಲ್ಲಿದ ಕಾಫಿಯ ಹನಿಗೂ ಇದೇ ಗತಿ. ಸಿಂಕಿನ ಮುಂದೆ ನಿಂತ ನಮ್ಮ ಹೆಂಗಸರು ಇದನ್ನು ತಲೆತಲಾಂತರದಿಂದ ನೋಡುತ್ತಲೇ ಬಂದಿದ್ದರು. ಪ್ರಬಂಧ ಬರೆಯಲು ಪುರುಸೊತ್ತಿರಲಿಲ್ಲ, ಅಷ್ಟೇ.

ಸಾಗರದ ಕಡೆಯಿಂದ ನಮ್ಮ ಚಿಕ್ಕಪ್ಪ ಬಂದಾಗಲೆಲ್ಲ ನಮ್ಮ ನೀರಿನ ವಿಚಾರಣೆ ನಡೆಯುತ್ತದೆ. ಮಲೆನಾಡಿನವರಿಗೆ ಆಸ್ತಿ ಇರಲಿ ಬಿಡಲಿ, ನೀರಿನ ಜಂಬ ಇದ್ದೇ ಇರುತ್ತದೆ. "ನಮ್ಮ ಬಾವಿ ನೀರಿಗೆ ತೊಗರಿಬೇಳೆ ಎರಡೇ ಕೂಗಿಗೆ ಬೆಣ್ಣೆಯಾಗ್ತದೆ, ನಿಮ್ಮಲ್ಲಿ ಐದು ಕೂಗಿದ್ರೂ ಬೇಳೆ ಬೇಳೆಯಾಗೇ ಇರ್ತದಲ್ಲ" ಎನ್ನುವುದು ಅವರ ಮೊದಲ ಮಾತು. ಇದು ಸುಳ್ಳಲ್ಲ. ಗಡಸು ನೀರಿನ ಕ್ಯಾಲ್ಸಿಯಂ ಬೇಳೆಯ ಪೆಕ್ಟಿನ್ನಿಗೆ ಅಂಟಿಕೊಂಡು ಅದನ್ನು ಬಿಗಿ ಮಾಡುತ್ತದೆ. ಈ ಊರಿನಲ್ಲಿ ನಮ್ಮ ಬೇಳೆ ಬೇಯದಿರುವುದಕ್ಕೆ ರಾಜಕೀಯವೊಂದೇ ಕಾರಣವಲ್ಲ. ಎರಡನೆಯ ಆಕ್ಷೇಪ ಸೋಪಿನದು: ಎಷ್ಟು ಉಜ್ಜಿದರೂ ನೊರೆ ಬರುವುದಿಲ್ಲ, ಬದಲಿಗೆ ಬೂದು ಬಣ್ಣದ ಗಸಿ ಬರುತ್ತದೆ. ಅದೂ ನಿಜವೇ, ಸೋಪು ಕ್ಯಾಲ್ಸಿಯಮ್ಮಿನ ಜೊತೆ ಸೇರಿ ಕರಗದ ಜಿಡ್ಡಾಗುತ್ತದೆ. ಈ ಸಲ ಅವರು ನೀರಿನ ಗ್ಲಾಸನ್ನು ಟ್ಯೂಬ್‌ಲೈಟಿಗೆ ಹಿಡಿದು ತೀರ್ಪು ಕೊಟ್ಟರು: "ಇದು ಕುಡಿಯೋ ನೀರಲ್ಲ ಮಾರಾಯ, ಮನೆ ಕಟ್ಟೋ ನೀರು. ಸ್ವಲ್ಪ ಮರಳು ಸೇರಿಸಿದ್ರೆ ಗಾರೆಯೇ ಆಗ್ತದೆ."

ಗಾಜು ಉಜ್ಜುವ ವಿದ್ಯೆ ನಮಗೆ ಹೊಸದೇನಲ್ಲ. ಕರೆಂಟು ಬರುವ ಮುಂಚೆ ಊರೂರಲ್ಲೂ ಸಂಜೆಯ ಮೊದಲ ಕೆಲಸ ಲಾಟೀನಿನ ಬುರುಡೆ ಒರೆಸುವುದಾಗಿತ್ತು. ಉತ್ತರ ಕರ್ನಾಟಕದ ಮನೆಗಳಲ್ಲಿ ಲಾಟೀನಿಗೆ ಕಂದೀಲು ಎನ್ನುತ್ತಾರೆ. ಮಹಾರಾಷ್ಟ್ರದ ಕರಾಡದ ಹತ್ತಿರದ ಓಗಲೆವಾಡಿಯಲ್ಲಿ ತಯಾರಾದ 'ಪ್ರಭಾಕರ' ಕಂದೀಲು ಹೆಸರುವಾಸಿಯಾಗಿತ್ತು. ಬುರುಡೆಯೊಳಗೆ ದೊಡ್ಡವರ ಕೈ ಹೋಗುವುದಿಲ್ಲವಾದ್ದರಿಂದ ಈ ಕೆಲಸ ಮಕ್ಕಳ ಪಾಲು. ಒಲೆಯ ಬೂದಿಯನ್ನು ಜರಡಿ ಹಿಡಿದು, ಹಳೆಯ ಬಟ್ಟೆಯ ತುಂಡಿಗೆ ಹಚ್ಚಿಕೊಂಡು, ಒಳಗೆ ಕೈ ತೂರಿಸಿ ತಿರುವುವುದು. ಆಮೇಲೆ ಬುರುಡೆಯ ಬಾಯಿಗೆ ಬಾಯಿಟ್ಟು 'ಹಾ' ಎಂದು ಉಸಿರು ಬಿಡುವುದು. ಗಾಜೆಲ್ಲ ಮಂಜಾಗಿ, ಎಲ್ಲಿ ಮಸಿ ಉಳಿದಿದೆಯೋ ಅಲ್ಲಿ ಮಾತ್ರ ಬೇರೆ ಬಣ್ಣ ಕಾಣುತ್ತದೆ. ಆ ಮಂಜು ಹೋಗುವುದರೊಳಗೆ ಒರೆಸಿಬಿಡಬೇಕು. ಕನ್ನಡಕ ಹಾಕುವವರು ಈಗಲೂ ಮಾಡುವುದು ಇದನ್ನೇ. ಹೀಗೆ ಕಲಿತವರಿಗೆ ಒಂದು ನಂಬಿಕೆ ಗಟ್ಟಿಯಾಗಿ ಕೂತುಬಿಟ್ಟಿದೆ: ಗಾಜು ಮಾಸಿದರೆ ಉಜ್ಜಬೇಕು, ಹೋಗದಿದ್ದರೆ ಇನ್ನೂ ಜೋರಾಗಿ ಉಜ್ಜಬೇಕು.

ಮಸಿಗೆ ಇದು ಸರಿ. ಮಸಿ ಗಾಜಿನ ಮೇಲೆ ಸುಮ್ಮನೆ ಕೂತಿರುತ್ತದೆ, ಎಬ್ಬಿಸಿದರೆ ಏಳುತ್ತದೆ. ನೀರಿನ ಸುಣ್ಣ ಹಾಗಲ್ಲ, ಅದು ಬೇರೂರಿದ ಬಾಡಿಗೆದಾರ. ಸ್ಟೀಲಿನ ಜುಂಗು ತೆಗೆದುಕೊಂಡು ತಿಕ್ಕಿದಿರೋ, ಸುಣ್ಣದ ಜೊತೆ ಗಾಜಿನ ಮೈಯೂ ತರಚುತ್ತದೆ. ತರಚಿದ ಗೆರೆಗಳಲ್ಲಿ ಮರುದಿನದ ಸುಣ್ಣ ಇನ್ನೂ ಸುಖವಾಗಿ ಕೂರುತ್ತದೆ. ಪಾತ್ರೆ ಪುಡಿ, ಇಟ್ಟಿಗೆ ಪುಡಿಗಳದ್ದೂ ಇದೇ ಕಥೆ. ಸೋಪಿನ ನೀರಂತೂ ಇದರ ಮುಂದೆ ಕೈಚೆಲ್ಲುತ್ತದೆ. ಬೇಕಾದದ್ದು ತೋಳಿನ ಬಲವಲ್ಲ, ಹುಳಿ. ಹುಳಿಗೆ ಕನ್ನಡಿಗರ ಅಡುಗೆಮನೆಯಲ್ಲಿ ಯಾವತ್ತು ಬರವಿತ್ತು?

ಮೊದಲು ಕೈ ಹೋಗುವುದು ಹುಣಸೆಹಣ್ಣಿನ ಭರಣಿಗೆ. ತಾಮ್ರದ ಹಂಡೆ, ಹಿತ್ತಾಳೆಯ ದೀಪ ಇದರಿಂದಲೇ ತಾನೇ ಫಳಫಳ ಎನ್ನುವುದು? ಆದರೆ ಗಾಜಿಗೆ ನಾನು ಹುಣಸೆಯನ್ನು ಶಿಫಾರಸು ಮಾಡುವುದಿಲ್ಲ. ಅದರಲ್ಲಿರುವ ಟಾರ್ಟಾರಿಕ್ ಆಮ್ಲ ಸುಣ್ಣದ ಜೊತೆ ಸೇರಿದಾಗ ಹುಟ್ಟುವ ಉಪ್ಪು ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ಒಂದು ಪೊರೆ ಹೋಗಿ ಇನ್ನೊಂದು ಕೂರುವ ಸಂಭವ. ಮೇಲೆ ನಾರು, ಕಂದು ಬಣ್ಣ ಬೇರೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಎನ್ನುತ್ತಾರಲ್ಲ, ಗ್ಲಾಸಿನಲ್ಲಿ ತೊಳೆದರೂ ಅಷ್ಟೇ. ಮಜ್ಜಿಗೆಯ ಹುಳಿ ಸಾಲದು, ಜೊತೆಗೆ ಅದರದೇ ಜಿಡ್ಡು. ಮಾವಿನಕಾಯಿ ಸಿಪ್ಪೆ ಎಂದು ಹೇಳುವವರಿದ್ದಾರೆ. ಮಾವಿನಕಾಯಿ ಸಿಕ್ಕಾಗ ಗ್ಲಾಸಿನ ಬಗ್ಗೆ ಯೋಚಿಸುವವರನ್ನು ನಾನು ನಂಬುವುದಿಲ್ಲ.

ನಿಂಬೆಹಣ್ಣಿನ ವಿಷಯದಲ್ಲಿ ನಮ್ಮಮ್ಮನ ನೀತಿ ಕಟ್ಟುನಿಟ್ಟು. ಇಡೀ ಹಣ್ಣನ್ನು ಪಾತ್ರೆಗೆ ಹಚ್ಚುವುದು ಅವರ ದೃಷ್ಟಿಯಲ್ಲಿ ದಂಡನಾರ್ಹ ಅಪರಾಧ. 2022ರ ಬೇಸಿಗೆಯಲ್ಲಿ ಒಂದೊಂದು ನಿಂಬೆಹಣ್ಣು ಹತ್ತು ರೂಪಾಯಿಗೆ ಏರಿದ ಮೇಲಂತೂ, ಇಂಡಿ ತಾಲ್ಲೂಕಿನ ರಸಭರಿತ ಹಣ್ಣೇನಾದರೂ ಸಿಕ್ಕರೆ ಅದಕ್ಕೆ ಉಪ್ಪಿನಕಾಯಿಯ ಹೊರತು ಬೇರೆ ಗತಿಯೇ ಇಲ್ಲ. ಗ್ಲಾಸಿಗೆ ಸಲ್ಲುವುದು ಚಿತ್ರಾನ್ನಕ್ಕೆ ಹಿಂಡಿ ಉಳಿದ ಹೋಳು ಮಾತ್ರ. ಆ ಹೋಳನ್ನು ಬೆರಳಿಗೆ ಟೋಪಿಯಂತೆ ಹಾಕಿಕೊಂಡು ಗ್ಲಾಸಿನ ಒಳಗೆ ತಿರುವುತ್ತಾ ಬಂದರೆ ಬೆರಳಿಗೆ ಒಂದು ಬದಲಾವಣೆ ತಿಳಿಯುತ್ತದೆ. ಮೊದಲು ದೊರಗು ದೊರಗು. ಸ್ವಲ್ಪ ಹೊತ್ತಿಗೆ ಜಾರು. ತೊಳೆದು ಬೆರಳೆಳೆದರೆ 'ಕೀಚ್' ಎಂದು ಸದ್ದು. ಆ ಸದ್ದು ಬಂದರೆ ಆ ಜಾಗ ಶುದ್ಧ, ಬಾರದಿದ್ದರೆ ಇನ್ನೂ ಇದೆ ಎಂದರ್ಥ. ಗ್ಲಾಸು ತೊಳೆಯುವುದರಲ್ಲಿ ಕಣ್ಣಿಗಿಂತ ಬೆರಳು ಹೆಚ್ಚು ನಂಬಿಕಸ್ಥ.

ಹೋಳಿಗೂ ಕಾಯದವರಿಗೆ ದಿನಸಿ ಅಂಗಡಿಯ ನಿಂಬೆ ಉಪ್ಪು ಇದೆ. ಹೆಸರು ಉಪ್ಪು, ವಸ್ತು ಸಿಟ್ರಿಕ್ ಆಮ್ಲ. 1784ರಲ್ಲಿ ಸ್ವೀಡನ್ನಿನ ಶೀಲೆ ಎಂಬ ರಸಾಯನವಿಜ್ಞಾನಿ ನಿಂಬೆಯ ರಸದಿಂದಲೇ ಇದನ್ನು ಹರಳಾಗಿಸಿ ತೆಗೆದ. ನಮ್ಮ ಬಾಣಸಿಗರು ಅದನ್ನು ಮದುವೆ ಮನೆಯ ಸಾರಿಗೆ ಹಾಕಿ ನಿಂಬೆಹಣ್ಣಿನ ಲೆಕ್ಕ ಬೇರೆಯಾಗಿ ಬರೆದರು. ಅಗಲ ಪಾತ್ರೆಯಲ್ಲಿ ಉಗುರುಬೆಚ್ಚಗಿನ ನೀರಿಟ್ಟು, ಲೀಟರಿಗೆ ಎರಡು ಚಮಚ ನಿಂಬೆ ಉಪ್ಪು ಕರಗಿಸಿ, ಗ್ಲಾಸುಗಳನ್ನು ಪೂರ್ತಿ ಮುಳುಗುವ ಹಾಗೆ ಮಲಗಿಸಬೇಕು. ಪೂರ್ತಿ ಮುಳುಗಬೇಕು ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ: ಅರ್ಧ ಮುಳುಗಿದ ಗ್ಲಾಸಿನ ಅರ್ಧ ಮಾತ್ರ ತಿಳಿಯಾಗಿ, ಉಳಿದರ್ಧದ ಕೊಳೆ ಮೊದಲಿಗಿಂತ ಎದ್ದು ಕಾಣುತ್ತದೆ. ಬಿಳಿ ವಿನಿಗರ್ ಆದರೆ ಇನ್ನೂ ಸಲೀಸು. ಅದರ ಅಸಿಟಿಕ್ ಆಮ್ಲ ಸುಣ್ಣದಿಂದ ಮಾಡುವ ಉಪ್ಪು ನೀರಿನಲ್ಲಿ ಸರಾಗವಾಗಿ ಕರಗಿ ಹೋಗುತ್ತದೆ. ಪೊರೆ ದಪ್ಪವಾಗಿದ್ದರೆ, ಕಿವಿ ಹತ್ತಿರ ಇಟ್ಟರೆ ಕೇಳಿಸದಿದ್ದರೂ ಕಣ್ಣು ಹತ್ತಿರ ಇಟ್ಟರೆ ಕಾಣುವಷ್ಟು ಸಣ್ಣ ಗುಳ್ಳೆಗಳು ಗಾಜಿನ ಮೈಯಿಂದ ಏಳುತ್ತವೆ. ಕಲ್ಲು ಗಾಳಿಯಾಗಿ ಹೋಗುವ ಹೊತ್ತು ಅದು. ಅರ್ಧ ಗಂಟೆ ಸಾಕು. ಬಿಸಿ ಬೇಗ ಕೆಲಸ ಮಾಡುತ್ತದೆಂದು ಕುದಿಯುವುದನ್ನೇ ತಣ್ಣನೆಯ ಗ್ಲಾಸಿಗೆ ಸುರಿಯುವ ಉತ್ಸಾಹ ಬೇಡ. ಬೋರೋಸಿಲಿಕೇಟ್ ಗಾಜು ತಡೆದೀತು. ಲೆಮನ್ ಸೆಟ್ಟಿನ ಮಾಮೂಲಿ ಗಾಜು 'ಟಕ್' ಎನ್ನುತ್ತದೆ. ಆಮೇಲೆ ಕೇಳಲು ಏನೂ ಉಳಿದಿರುವುದಿಲ್ಲ.

ಇನ್ನೊಂದು ಎಚ್ಚರಿಕೆ ಕಟ್ಟೆಯದು. ಹಳೆಯ ಮನೆಗಳ ಅಡುಗೆ ಕಟ್ಟೆ ಕಡಪಾ ಕಲ್ಲಿನದು, ನೆಲ ಶಹಾಬಾದಿನದು. ಎರಡೂ ಸುಣ್ಣಕಲ್ಲಿನ ಸಂತತಿ. ಗ್ಲಾಸಿನ ಸುಣ್ಣ ತಿನ್ನುವ ಹುಳಿಗೆ ಕಟ್ಟೆಯ ಸುಣ್ಣ ಬೇರೆ ಎಂದು ಗೊತ್ತಾಗುವುದಿಲ್ಲ. ನಿಂಬೆ ಹೆಚ್ಚಿದ ಜಾಗದಲ್ಲಿ ಕಡಪಾ ಕಲ್ಲು ಬೂದುಗಟ್ಟಿರುವುದನ್ನು ನೀವೂ ನೋಡಿರುತ್ತೀರಿ.

ಈಚೆಗೆ ಮೊಬೈಲಿನಲ್ಲಿ ಒಂದು ಮಹಾಮಂತ್ರ ಓಡಾಡುತ್ತಿದೆ: ವಿನಿಗರ್ರಿಗೆ ಅಡುಗೆ ಸೋಡಾ ಹಾಕಿ, ಚಮತ್ಕಾರ ನೋಡಿ. ಹಾಕಿದರೆ ನೊರೆ ಬುಸುಗುಟ್ಟಿ ಏಳುತ್ತದೆ ನಿಜ, ನೋಡಲು ಚೆಂದ. ಆದರೆ ಒಂದು ಹುಳಿ, ಇನ್ನೊಂದು ಕ್ಷಾರ. ಎರಡೂ ಪರಸ್ಪರರನ್ನು ಮುಗಿಸಿಕೊಂಡು ಕೊನೆಗೆ ಉಳಿಯುವುದು ಉಪ್ಪಿನ ನೀರು. ಸುಣ್ಣ ನೊರೆಯ ಕೆಳಗೆ ಸುರಕ್ಷಿತ. ಸೋಡಾಕ್ಕೆ ಅದರದೇ ಕೆಲಸವಿದೆ, ಚಹಾದ ಕಂದು ಕರೆಗೆ ಒದ್ದೆ ಬಟ್ಟೆಯಲ್ಲಿ ಸೋಡಾ ಹಚ್ಚಿ ಒರೆಸಿದರೆ ಬಿಡುತ್ತದೆ. ಹೋಳಿಗೆ ತಿಂದ ಕೈಯ ತುಪ್ಪಕ್ಕೂ ತುಟಿಯ ಬಣ್ಣಕ್ಕೂ ಬಿಸಿನೀರು, ಸೋಪು ಸಾಕು. ಕೊಳೆಗೆ ತಕ್ಕ ಔಷಧ. ಬಚ್ಚಲು ತೊಳೆಯುವ ಆಸಿಡ್ ಬಾಟಲಿಯನ್ನು ಅಡುಗೆಮನೆಗೆ ತರುವ ಶೂರರಿಗೆ ಮಾತ್ರ ತಮಾಷೆ ಬಿಟ್ಟು ಹೇಳುತ್ತೇನೆ: ಅದು ಬ್ಲೀಚಿಂಗ್ ಪೌಡರ್ ಜೊತೆ ಬೆರೆತರೆ ಹೊರಡುವುದು ಕ್ಲೋರಿನ್ ಅನಿಲ. ಗ್ಲಾಸು ಹೊಳೆಯುತ್ತದೆ, ನೋಡಲು ನೀವಿರುವುದಿಲ್ಲ.

ಎಷ್ಟು ನೆನೆಸಿದರೂ ಕೆಲವು ಗ್ಲಾಸು ಮಂಕಾಗಿಯೇ ಉಳಿಯುತ್ತವೆ. ಪರೀಕ್ಷೆ ಸುಲಭ. ಹತ್ತಿಯನ್ನು ವಿನಿಗರ್ರಿನಲ್ಲಿ ಅದ್ದಿ ಒಂದು ಮೂಲೆಯಲ್ಲಿ ಐದು ನಿಮಿಷ ಒತ್ತಿ ಹಿಡಿಯಿರಿ. ಒರೆಸಿ ಒಣಗಿಸಿದ ಮೇಲೆ ಅಷ್ಟು ಜಾಗ ತಿಳಿಯಾಗಿದ್ದರೆ ಅದು ನೀರಿನ ಸುಣ್ಣ, ಆಸೆ ಇದೆ. ಆಗದಿದ್ದರೆ ಗಾಜೇ ಸವೆದಿದೆ, ಆಸೆ ಬಿಡಿ. ಗಾಜು ಸವೆಯುವುದುಂಟೇ ಎಂದು ನಾನೂ ಹುಬ್ಬೇರಿಸಿದ್ದೆ. ಮಾಮೂಲಿ ಗಾಜಿನಲ್ಲಿ ಮುಕ್ಕಾಲು ಪಾಲಿನ ಹತ್ತಿರ ಮರಳಿನ ಸಿಲಿಕಾ, ಉಳಿದದ್ದರಲ್ಲಿ ಸೋಡಾ, ಸುಣ್ಣ. ಬಿಸಿನೀರು, ಕ್ಷಾರದ ಪುಡಿ, ಗಂಟೆಗಟ್ಟಲೆ ಸಮಯ ಮೂರೂ ಒಟ್ಟಾದರೆ ಗಾಜು ಅಣುಅಣುವಾಗಿ ಕರಗುತ್ತದೆ. ಈ ಮೂರನ್ನೂ ಒಂದೇ ಪೆಟ್ಟಿಗೆಯಲ್ಲಿ ತುಂಬಿ ಮಾರುವುದನ್ನು ಡಿಷ್‌ವಾಷರ್ ಎನ್ನುತ್ತಾರೆ. 2020ರ ಲಾಕ್‌ಡೌನಿನಲ್ಲಿ ಮನೆಗೆಲಸದವರು ಬಾರದಾದಾಗ, ಪಾತ್ರೆಯ ರಾಶಿ ನೋಡಿ ಅಳು ಬಂದು ಅದನ್ನು ಕೊಂಡ ಗೆಳೆಯರು ನನಗೂ ಇದ್ದಾರೆ. ಇದರಲ್ಲಿ ನನಗೆ ಪರಮ ಸಂತೋಷ ಕೊಟ್ಟ ಸಂಗತಿ ಬೇರೆ: ಯಂತ್ರದೊಳಗೆ ಗಾಜನ್ನು ಹೆಚ್ಚು ತಿನ್ನುವುದು ಗಡಸು ನೀರಲ್ಲ, ಮೆದು ನೀರು! ಸಾಗರಕ್ಕೆ ಫೋನ್ ಮಾಡಿ ಹೇಳಿದೆ. ಚಿಕ್ಕಪ್ಪ ಒಂದು ಗಳಿಗೆ ಸುಮ್ಮನಿದ್ದು, "ನಮ್ಮಲ್ಲಿ ಕರೆಂಟೇ ಇರೋದಿಲ್ಲ ಮಾರಾಯ, ಯಂತ್ರ ಎಲ್ಲಿಂದ?" ಎಂದರು. ಮಲೆನಾಡಿನವರನ್ನು ಸೋಲಿಸುವುದು ಕಷ್ಟ.

ಹೋಟೆಲಿನ ಗ್ಲಾಸುಗಳದ್ದು ಬೇರೆಯೇ ಜೀವನ. ಬಾಯಿಂದ ಬಾಯಿಗೆ ಅವಕ್ಕೆ ಪುರುಸೊತ್ತಿಲ್ಲ, ಒಣಗಲು ಸಮಯವಿಲ್ಲ, ಆದ್ದರಿಂದ ಅವುಗಳಿಗೆ ಸುಣ್ಣದ ಉಂಗುರವೂ ಕಡಿಮೆ. ಒಂದು ಬಕೆಟ್ಟಿನಲ್ಲಿ ಅದ್ದು, ಇನ್ನೊಂದರಲ್ಲಿ ಎದ್ದು, ನಾಲ್ಕು ಗ್ಲಾಸಿನೊಳಗೆ ನಾಲ್ಕು ಬೆರಳಿಟ್ಟು ಎತ್ತಿಕೊಂಡು ಬರುವ ಮಾಣಿಯ ಕೈಚಳಕ ನೋಡಿದವರು ಎರಡು ಪಂಗಡವಾಗುತ್ತಾರೆ, ಕುಡಿಯುವವರು ಮತ್ತು ನೋಡದಂತೆ ಕುಡಿಯುವವರು. ಹೋಟೆಲಿನ ಗ್ಲಾಸಿನ ಮಾತು ಬಂದಾಗ ಇನ್ನೊಂದು ನೆನಪಾಗುತ್ತದೆ. ನಮ್ಮ ಎಷ್ಟೋ ಹಳ್ಳಿಗಳ ಚಹಾದಂಗಡಿಗಳಲ್ಲಿ ದಲಿತರಿಗೆಂದು ಬೇರೆ ಗ್ಲಾಸು, ಅಂಗಡಿಯ ಹೊರಗಿನ ಗೂಡಿನಲ್ಲೋ ಮಾಡಿನ ಕೆಳಗೋ ಇಟ್ಟಿರುತ್ತಿತ್ತು. ಕುಡಿದವರೇ ತೊಳೆದಿಡಬೇಕು. ಅಸ್ಪೃಶ್ಯತೆಯನ್ನು ಅಪರಾಧವೆಂದ 1955ರ ಕಾಯ್ದೆ ಹೋಟೆಲಿನ ಪಾತ್ರೆಗಳ ಬಳಕೆಯನ್ನು ಪ್ರತ್ಯೇಕವಾಗಿ ಹೆಸರಿಸಿ ಹೇಳಬೇಕಾಯಿತು ಎಂದರೆ ಆ ರೋಗ ಎಷ್ಟು ಹಬ್ಬಿತ್ತು ಊಹಿಸಿ. ಕಾಯ್ದೆ ಬಂದು ಎಷ್ಟೋ ಕಾಲದ ಮೇಲೂ ಕೆಲವು ಕಡೆ ಗೂಡಿನ ಗ್ಲಾಸು ಗೂಡಿನಲ್ಲೇ ಇತ್ತು. ಕೊಳೆ ಎಂದರೇನು ಎಂಬುದರಲ್ಲಿ ನಮ್ಮ ಜನರ ಕಣ್ಣು ಗಾಜಿನ ಮೇಲಿನದನ್ನು ನೋಡಿದ್ದಕ್ಕಿಂತ ಗಾಜು ಹಿಡಿದ ಕೈಯನ್ನು ನೋಡಿದ್ದೇ ಹೆಚ್ಚು.

ಮನೆಗೆ ಮರಳೋಣ. ಇಷ್ಟೆಲ್ಲ ನೆನೆಸಿ ತೊಳೆದ ಗ್ಲಾಸನ್ನು ಬೋರಲು ಹಾಕಿ ಹೋದರೆ ಸಂಜೆಗೆ ಉಂಗುರಗಳು ಮರಳಿ ಹಾಜರು. ಮಂಕಾಗಿಸುವುದು ಬಳಕೆಯಲ್ಲ, ಒಣಗುವಿಕೆ. ಹನಿ ಗಾಜಿನ ಮೇಲೇ ಆರದಂತೆ ನೋಡಿಕೊಂಡರೆ ನಿಂಬೆಯೂ ಬೇಡ, ಉಪ್ಪೂ ಬೇಡ. ನನ್ನ ಹೆಂಡತಿ ಕೊನೆಯ ಜಾಲಾಟಕ್ಕೆ ಫಿಲ್ಟರಿನ ನೀರು ಬಳಸುತ್ತಾಳೆ, "ಕುಡಿಯೋ ನೀರಲ್ಲಿ ಲೋಟ ತೊಳೀತಾರಾ?" ಎಂದು ಅಮ್ಮ ಪ್ರತಿದಿನ ಕೇಳುತ್ತಾರೆ, ಇಬ್ಬರೂ ಸರಿ ಎನ್ನುವುದು ನಾನು ಕಂಡುಕೊಂಡ ಕ್ಷೇಮದ ದಾರಿ. ನನ್ನ ಪಾಲಿನದು ಒರೆಸುವ ಕೆಲಸ. ಅದಕ್ಕೆ ಹಳೆಯ ಮಲ್ಲು ಪಂಚೆಗೆ ಸಮನಾದದ್ದು ಇನ್ನೂ ಹುಟ್ಟಿಲ್ಲ. ಹೊಸ ಟವೆಲ್ಲು ನೀರು ಹೀರುವುದಿಲ್ಲ, ಮೇಲಾಗಿ ಗ್ಲಾಸಿನ ತುಂಬ ನವಿರು ಬಿಡುತ್ತದೆ. ಬಟ್ಟೆ ಮೃದು ಮಾಡುವ ಪರಿಮಳದ ದ್ರವದಲ್ಲಿ ಅದ್ದಿದ ಬಟ್ಟೆಯಂತೂ ಜಿಡ್ಡನ್ನೇ ಸವರುತ್ತದೆ. ನೂರಾರು ಒಗೆತ ಕಂಡು, ಬಿಡುವ ನವಿರನ್ನೆಲ್ಲ ಬಿಟ್ಟು, ಅಂಚು ಹರಿದು ಉಡಲು ಬಾರದಾದ ಪಂಚೆಯನ್ನು ಚೌಕ ಹರಿದಿಟ್ಟುಕೊಳ್ಳಬೇಕು. ಗ್ಲಾಸನ್ನು ಒಂದು ತುಂಡಿನಲ್ಲಿ ಹಿಡಿದು ಇನ್ನೊಂದರಲ್ಲಿ ಒರೆಸಬೇಕು, ಬೆರಳಚ್ಚು ಬೀಳುವುದಿಲ್ಲ. ಒಳಗೆ ಬಟ್ಟೆ ತುರುಕಿ ಬಲವಾಗಿ ತಿರುವಬಾರದು. ತೆಳು ಗ್ಲಾಸು ಒಡೆಯುವುದು ಬಿದ್ದಾಗ ಮಾತ್ರವಲ್ಲ, ಹೀಗೆ ತಿರುವಿದಾಗಲೂ, ಅದೂ ಅಂಗೈಯಲ್ಲೇ.

ಷೋಕೇಸಿನಲ್ಲಿ ಮಲಗಿದ ಲೆಮನ್ ಸೆಟ್ಟು ಯಾರೂ ಬಳಸದಿದ್ದರೂ ಯಾಕೆ ಮಂಕಾಗುತ್ತದೆ ಎನ್ನುವುದು ಈಗ ತಿಳಿಯಿತಲ್ಲ? ವರ್ಷಕ್ಕೊಮ್ಮೆ ದಸರಾಕ್ಕೆ ಮುಂಚೆ ಬೋರ್ ನೀರಿನಲ್ಲಿ ತೊಳೆದು, ಒದ್ದೆಯಾಗಿಯೇ ದಿನಪತ್ರಿಕೆಯ ಮೇಲೆ ಬೋರಲು ಹಾಕಿ, ಒಳಗಿನ ತೇವ ಒಳಗೇ ಆರುವಂತೆ ಬಿಟ್ಟರೆ ಇನ್ನೇನಾದೀತು? ಮೇಲೆ ಒಗ್ಗರಣೆಯ ಎಣ್ಣೆ ಹಬೆ, ಅದಕ್ಕೆ ಅಂಟಿದ ಧೂಳು. ದಿನ ಬಳಸುವ ಎರಡು ಗ್ಲಾಸು ಅದರ ಪಕ್ಕ ಇಟ್ಟರೆ ಅವೇ ಹೊಸವು ಎನ್ನಿಸುತ್ತವೆ. ಆದ್ದರಿಂದ ಆ ಸೆಟ್ಟನ್ನು ಇಳಿಸಿ, ಜಿಡ್ಡಿಗೆ ಸೋಪು, ಸುಣ್ಣಕ್ಕೆ ಹುಳಿ ತೋರಿಸಿ, ನಾಳೆಯಿಂದಲೇ ಮಜ್ಜಿಗೆಗೂ ನೀರಿಗೂ ಬಳಸಿ. ಬರುವವರಿಗೆಂದು ಗ್ಲಾಸನ್ನು ನಾವು ಕಾಯುತ್ತ ಕೂರುವುದರಲ್ಲಿ ಅರ್ಥವಿಲ್ಲ. ಚಿನ್ನದ ಗೆರೆ ಹುಳಿಗೂ ಉಜ್ಜುವಿಕೆಗೂ ಹೋಗಬಹುದು, ಅದನ್ನು ಮಾತ್ರ ಮೃದುವಾಗಿ ನೋಡಿಕೊಳ್ಳಿ.

ಬಳಸಿದರೆ ಒಡೆಯುತ್ತದೆ, ಒಡೆಯಲಿ. ಆದರೆ ಒಡೆದ ಚೂರನ್ನು ಹಸಿಕಸದ ಬುಟ್ಟಿಗೂ ಹಾಕಬೇಡಿ, ಕಪ್ಪು ಚೀಲದಲ್ಲಿ ಕಟ್ಟಿ ಬೀದಿ ಕೊನೆಗೂ ಎಸೆಯಬೇಡಿ. ಬೆಳಿಗ್ಗೆ ಕಸ ವಿಂಗಡಿಸುವ ಪೌರಕಾರ್ಮಿಕರು ಬಹಳ ಸಲ ಬರಿಗೈಯಲ್ಲೇ ಅದರೊಳಗೆ ಕೈ ಹಾಕುತ್ತಾರೆ. ಚೂರುಗಳನ್ನು ನಾಲ್ಕು ಮಡಿಕೆ ದಿನಪತ್ರಿಕೆಯಲ್ಲಿ ಸುತ್ತಿ, ದಾರ ಕಟ್ಟಿ, ಮೇಲೆ ದಪ್ಪಕ್ಷರದಲ್ಲಿ 'ಗಾಜು' ಎಂದು ಬರೆದು, ಗಾಡಿ ಬಂದಾಗ ಬೇರೆಯಾಗಿಯೇ ಕೊಡಿ. ಬಾಯಿಬಿಟ್ಟು ಹೇಳಿಯೂ ಕೊಡಿ. ಎಲ್ಲರಿಗೂ ಓದಲು ಬರುವುದಿಲ್ಲ.